ನೆಲಮಾಳಿಗೆಯ ಬಿಯರ್ ಫ್ರಿಜ್ಜು

ಆ ಫ್ರಿಜ್ಜನ್ನು ಮನೆಗೆ ತಂದವನು ನನ್ನ ತಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಗೆ ಬಂದ ಯಾವ ಪೀಡೆಯೂ ಅವನ ಕೈ ದಾಟದೆ ಬಂದದ್ದಲ್ಲ. ಮುಚ್ಚಿಹೋದ ಯಾವುದೋ ಹೋಟೆಲಿನವರು ಸಿಕ್ಕ ಬೆಲೆಗೆ ಕೊಟ್ಟರಂತೆ. ಸೊಂಟದೆತ್ತರದ ಕಪ್ಪು ಫ್ರಿಜ್ಜು. ಒಳಗೆ ಬಿಯರು ತುಂಬಿದ ಉಕ್ಕಿನ ಪೀಪಾಯಿ ಕೂರಬೇಕು, ನೆತ್ತಿಯ ಮೇಲೊಂದು ನಲ್ಲಿ, ಬೆನ್ನಿಗೊಂದು ಗ್ಯಾಸ್ ಸಿಲಿಂಡರು. ಅಡುಗೆ ಗ್ಯಾಸಲ್ಲ, ಸೋಡಾದಲ್ಲಿ ಗುಳ್ಳೆ ಎಬ್ಬಿಸುವ ಗ್ಯಾಸು. ಅದು ಪೀಪಾಯಿಯೊಳಗೆ ಒತ್ತಿದರೆ ಬಿಯರು ಪೈಪಿನಲ್ಲಿ ಏರಿ ನಲ್ಲಿಗೆ ಬರಬೇಕು. ಬಂದದ್ದು ಬರೀ ನೊರೆ.

ನೊರೆ ಅಂದರೆ ಎಂಥ ನೊರೆ! ಬಟ್ಟೆ ಒಗೆಯುವ ಟಬ್ಬಿನಲ್ಲೂ ನಾನು ಅಷ್ಟು ನೊರೆ ಕಂಡಿಲ್ಲ. ಗ್ಲಾಸು ತುಂಬ ಬಿಳಿ, ತಳದಲ್ಲಿ ಬೆರಳಗಲ ಹಳದಿ ನೀರು. ನಮ್ಮ ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ತಮ್ಮ, ಭಾವನ ಮುಖ ನೋಡಿದ.

"ಶನಿವಾರದೊಳಗೆ ಸರಿ ಮಾಡೇ ಮಾಡ್ತೀನಿ" ಎಂದರು ಇವರು. ಶನಿವಾರ ಸಂಜೆ ಇವರ ಅಂಗಡಿಯ ಹುಡುಗರನ್ನೆಲ್ಲ ಮನೆಗೆ ಕರೆದಿದ್ದರು. ಕರೆಯುವಾಗ ನಲ್ಲಿಯಿಂದಲೇ ಬಿಯರು ಕುಡಿಸುತ್ತೇನೆಂದು ಕೊಚ್ಚಿಕೊಂಡಿದ್ದರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸುವುದು ಇವರ ಮನೆತನದ ಗುಣ.

ಇವರದು ಕಿಟಕಿ ಬಾಗಿಲು ಕೂರಿಸುವ ಕೆಲಸ. ಇವರು ಕೂರಿಸಿದ ಕಿಟಕಿಯಲ್ಲಿ ಗಾಳಿ ನುಸುಳಿತೆಂದು ಇವತ್ತಿನವರೆಗೂ ಯಾರೂ ದೂರಿಲ್ಲ. ಕೆಲಸ ಮುಗಿದ ಮೇಲೆ ಒಂದು ಮೇಣದಬತ್ತಿ ಹಚ್ಚಿ ಚೌಕಟ್ಟಿನ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋಗುತ್ತಾರೆ. ಜ್ವಾಲೆ ಅಲುಗಿದ ಕಡೆ ಸಂದಿದೆ ಎಂದರ್ಥ, ಅಲ್ಲಿಗೆ ರಬ್ಬರ್ ಪಟ್ಟಿ, ಇಲ್ಲವೇ ಸಿಲಿಕಾನ್ ಅಂಟು. ಜ್ವಾಲೆ ನೆಟ್ಟಗೆ ನಿಂತ ಮೇಲೇ ಇವರಿಗೆ ಅನ್ನ ಇಳಿಯುವುದು.

ನಾನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಕೊರಳಲ್ಲಿ ಸೀಟಿ, ಬಾಯಲ್ಲಿ ಬೈಗುಳ. ಸೀಟಿ ಟೀಚರ್ ಎಂದರೆ ಬೀದಿಗೆಲ್ಲ ಗೊತ್ತು. ಮನೇಲಾದ್ರೂ ದನಿ ಇಳಿಸೇ ಎಂದು ಇವರು ಗೋಗರೆಯುತ್ತಲೇ ಇರುತ್ತಾರೆ. ಇಳಿಸುವ ತಿರುಪನ್ನು ದೇವರು ನನ್ನ ಗಂಟಲಿಗೆ ಕೂರಿಸಿಲ್ಲ, ನಾನೇನು ಮಾಡಲಿ?

ಫ್ರಿಜ್ಜನ್ನು ಇಟ್ಟದ್ದು ನೆಲಮಾಳಿಗೆಯಲ್ಲಿ. ಅಡುಗೆಮನೆಯ ಪಕ್ಕದ ಬಾಗಿಲು ತೆಗೆದರೆ ಅಲ್ಲೇ ಕೆಳಕ್ಕೆ ಕಡಿದಾದ ಮೆಟ್ಟಿಲು. ಕೆಳಗೆ ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಕೋಣೆ, ಸುತ್ತ ಗೋಡೆ, ಸೂರಿನ ಹತ್ತಿರ ಹಿತ್ತಲಿನ ನೆಲದ ಮಟ್ಟಕ್ಕೆ ತೆರೆದುಕೊಳ್ಳುವ ಒಂದು ಗವಾಕ್ಷಿ. ಭಾವ, ಭಾಮೈದ ಇಬ್ಬರೂ ವಾರವಿಡೀ ಅಲ್ಲೇ ಬಿಡಾರ ಹೂಡಿದರು.

ಗ್ಲಾಸು ಜಿಡ್ಡಾಗಿದೆ ಎಂದರು. ತೊಳೆದು ಕೊಟ್ಟೆ. ನೊರೆ. ಪೈಪು ಕೊಳೆಯಾಗಿದೆ ಎಂದು ಅದನ್ನು ಕಳಚಿ ಬಿಸಿನೀರು ಹರಿಸಿದರು. ಆಗಲೂ ನೊರೆ.

"ಭಾವ, ಪ್ರೆಶರ್ ಜಾಸ್ತಿ ಆಗಿರ್ಬೇಕು."

"ಹಂಗಾದ್ರೆ ಕಮ್ಮಿ ಮಾಡು."

ಕಮ್ಮಿ ಮಾಡಿದ. ನಲ್ಲಿ ಎರಡು ಸಲ ಬಿಕ್ಕಳಿಸಿ ಸುಮ್ಮನಾಯಿತು.

"ಭಾವ, ಕಮ್ಮಿ ಆಗೋಯ್ತು ಅನ್ಸತ್ತೆ."

"ಹಂಗಾದ್ರೆ ಜಾಸ್ತಿ ಮಾಡು."

ಜಾಸ್ತಿ ಮಾಡಿದ. ನೊರೆ ಹಾರಿ ಎದುರಿನ ಗೋಡೆಗೆ ಬಡಿಯಿತು. ನನ್ನ ತಮ್ಮನೇ ಹಾಗೆ, ಭಾವ ಎತ್ತು ಈಯಿತು ಎಂದರೆ ಇವನು ಕೊಟ್ಟಿಗೆಗೆ ಕಟ್ಟೋಕೆ ಹಗ್ಗ ಹುಡುಕುತ್ತಾನೆ.

ಹೋಟೆಲಿನಿಂದ ಜೊತೆಗೆ ಬಂದಿದ್ದ ಸಿಲಿಂಡರು ಮುಗಿಯಿತು. ತಮ್ಮ ಅದನ್ನು ಗ್ಯಾಸಿನ ಅಂಗಡಿಗೆ ಕೊಟ್ಟು ಬೇರೆಯದು ತಂದು ಕೂರಿಸಿದ. ಕೂರಿಸುವ ಜಾಗದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ವಾಷರ್ ಇರಬೇಕು, ಅದು ಹಳೆಯ ಸಿಲಿಂಡರಿನ ಬಾಯಿಗೇ ಅಂಟಿಕೊಂಡು ಅಂಗಡಿಗೆ ಹೊರಟುಹೋಗಿತ್ತು. ಇದು ನಮಗೆ ಗೊತ್ತಾದದ್ದು ಎಲ್ಲ ಆದ ಮೇಲೆ. ಆಗ ಕಂಡದ್ದು ಇಷ್ಟೇ: ಹೊಸ ಸಿಲಿಂಡರು ಬೆಳಗಾಗುವುದರೊಳಗೆ ಖಾಲಿ. ತಮ್ಮ ಹೋಗಿ ಅದಕ್ಕಿಂತ ದೊಡ್ಡದನ್ನು ಹೊತ್ತು ತಂದ.

ಅಷ್ಟರಲ್ಲಿ ಇವರಿಗೆ ಜ್ಞಾನೋದಯವಾಗಿತ್ತು. ಬಿಯರು ಬೆಚ್ಚಗಾದರೆ ನೊರೆ ಏಳುತ್ತದೆ ಎಂದು ಯಾರೋ ಹೇಳಿದರಂತೆ. ಅಲ್ಲಿಗೆ ಕೋಣೆಯ ತಂಪು ಎಲ್ಲೋ ಸೋರಿ ಹೋಗುತ್ತಿದೆ ಎಂದು ಇವರು ತೀರ್ಮಾನಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗವಾಕ್ಷಿಗೆ ಗಟ್ಟಿ ಗಾಜು ಕೂರಿಸಿ ಸುತ್ತ ಅಂಟು ಬಳಿದರು. ಬಾಗಿಲಿನ ನಾಲ್ಕೂ ಅಂಚಿಗೆ ರಬ್ಬರ್ ಪಟ್ಟಿ ಹೊಡೆದರು.

"ಅಲ್ರೀ, ಫ್ರಿಜ್ಜಿನ ಬೆನ್ನೇ ಬಿಸಿ ಕಾರ್ತಾ ಇದೆ. ಕೋಣೆ ಮುಚ್ಚಿದ್ರೆ ಇನ್ನೂ ಸೆಕೆ ಆಗಲ್ವಾ?"

"ನೀನು ಹೋಗಿ ಮಕ್ಕಳಿಗೆ ಈಜು ಕಲಿಸು" ಎಂದರು.

ಶುಕ್ರವಾರ ಇಬ್ಬರೂ ಕೆಳಗಿಂದ ಮೇಲೆ ಬಂದಾಗ ಮುಖ ಕೆಂಪಾಗಿತ್ತು, ಏದುಸಿರು ಬಿಡುತ್ತಿದ್ದರು. ತಲೆ ಸಿಡಿಯುತ್ತಿದೆ ಎಂದು ಇವರು ಕುರ್ಚಿಗೆ ಒರಗಿದರು. "ನೋಡಕ್ಕಾ, ಇನ್ನೂ ಒಂದು ಗುಟುಕು ಕುಡಿದಿಲ್ಲ, ಆಗ್ಲೇ ಕಿಕ್ಕು" ಎಂದು ತಮ್ಮ ನಕ್ಕ. ನಾನೂ ನಕ್ಕೆ. ವಯಸ್ಸಾಯಿತು, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಎಂದು ಇವರನ್ನು ಚುಡಾಯಿಸಿದೆ.

ಶನಿವಾರ ಮಧ್ಯಾಹ್ನ ನಾನು ಕೊಳದಿಂದ ಬರುವ ಹೊತ್ತಿಗೆ ಇವರು ಮೇಣದಬತ್ತಿ ಹಿಡಿದು ಕೆಳಗಿದ್ದರು. ತಮ್ಮ ಗ್ಲಾಸು ತರಲು ಹೋಗಿದ್ದ. ಬಾಗಿಲು ತೆಗೆದು ಮೇಲಿನ ಮೆಟ್ಟಿಲಲ್ಲಿ ನಿಂತೆ.

"ಬಂದ್ಯಾ? ಇಲ್ಲಿ ನೋಡು ಮಜಾ" ಎಂದರು.

ಬತ್ತಿಯನ್ನು ಎದೆಯ ಮಟ್ಟದಲ್ಲಿ ಗೋಡೆಗೆ ಹಿಡಿದರು. ಜ್ವಾಲೆ ನೆಟ್ಟಗೆ ನಿಂತಿತ್ತು. ಮೆಲ್ಲಗೆ ಇಳಿಸಿದರು. ತೊಡೆಯ ಹತ್ತಿರ ಬಂದಾಗ ಸಣ್ಣದಾಯಿತು. ಮಂಡಿಯ ಹತ್ತಿರ ಆರಿಹೋಯಿತು. ಮತ್ತೆ ಹಚ್ಚಿ, ಬೇರೆ ಗೋಡೆಗೆ ಹಿಡಿದು ಇಳಿಸಿದರು. ಅದೇ ಮಟ್ಟದಲ್ಲಿ ಮತ್ತೆ ಆರಿತು.

"ನೋಡಿದ್ಯಾ? ನೆಲದ ಹತ್ರ ಎಲ್ಲೋ ಗಾಳಿ ಹೊಡೀತಾ ಇದೆ. ಎಷ್ಟು ಜೋರಾಗಿದ್ರೆ ದೀಪಾನೇ ಆರಿಸ್ಬೇಕು! ಅದಕ್ಕೇ ತಂಪು ನಿಲ್ತಿಲ್ಲ." ಪ್ರತಿ ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು. ಹಣೆಯ ಮೇಲೆ ಬೆವರು.

ನಾನು ಬತ್ತಿಯನ್ನೇ ನೋಡಿದೆ. ಆರಿದ ಬತ್ತಿಯ ಹೊಗೆ ಮೇಲೂ ಏಳದೆ, ಪಕ್ಕಕ್ಕೂ ಹಾರದೆ, ಅಲ್ಲೇ ಚಾಪೆ ಹಾಸಿದ ಹಾಗೆ ಅಡ್ಡಡ್ಡಕ್ಕೆ ನಿಂತುಬಿಟ್ಟಿತ್ತು.

"ಅಲ್ರೀ, ಗಾಳಿ ಹೊಡೆದ್ರೆ ದೀಪ ಮೊದ್ಲು ಅಲ್ಲಾಡ್ಬೇಕಲ್ವಾ? ಇದು ಅಲ್ಲಾಡದೇ ಸತ್ತೋಯ್ತು."

"ಅಮ್ಮಾ ತಾಯಿ, ನನ್ನ ಕೆಲಸ ನಂಗೆ ಹೇಳ್ಕೊಡಬೇಡ. ಬಾಗಿಲು ಹಾಕ್ಕೊಂಡು ಹೋಗು. ತೆಗೆದಿದ್ರೆ ಗಾಳಿ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲ್ಲ."

ಕೆಳಗೆ ಬಿದ್ದಿದ್ದ ಒರಸುವ ಬಟ್ಟೆ ಎತ್ತಿಕೊಳ್ಳೋಣವೆಂದು ಕೆಲವು ಮೆಟ್ಟಿಲಿಳಿದು ಬಗ್ಗಿದೆ. ಸೋಡಾ ಕುಡಿದು ತೇಗಿದಾಗ ಮೂಗಿಗೆ ಏರುತ್ತದಲ್ಲ, ಅಂಥ ಚುರುಕು ಒಮ್ಮೆಲೇ ಏರಿ ಕಣ್ಣಲ್ಲಿ ನೀರು ಬಂತು. ಚೆಲ್ಲಿದ ಬಿಯರಿನ ಘಾಟು ಎಂದುಕೊಂಡು ಮೇಲೆ ಬಂದೆ. ಬಾಗಿಲನ್ನು ಒತ್ತಿ ಹಾಕಿದವಳು ನಾನೇ. ಅದು ಸದ್ದಿಲ್ಲದೆ, ಇವರ ಎಲ್ಲ ಬಾಗಿಲುಗಳ ಹಾಗೆ ನೀಟಾಗಿ ಕೂತಿತು.

ಅಡುಗೆಮನೆಯಲ್ಲಿ ತಟ್ಟೆ ಜೋಡಿಸುತ್ತಿದ್ದಾಗ ತಮ್ಮ ಗ್ಲಾಸಿನ ಡಬ್ಬ ಹೊತ್ತು ಬಂದ.

"ಎಲ್ಲಕ್ಕಾ ಭಾವ?"

"ಎಲ್ಲಿರ್ತಾರೆ, ನನ್ನ ಸವತಿ ಹತ್ರ, ಆ ಫ್ರಿಜ್ಜಿನ ಹತ್ರ. ನೆಲದ ಹತ್ರ ಗಾಳಿ ಬರ್ತಿದೆಯಂತೆ, ಮೇಣದಬತ್ತಿ ಆರಿಹೋಗ್ತಿದೆಯಂತೆ, ಹುಡುಕ್ತಾ ಇದಾರೆ."

ಅವನು ಡಬ್ಬ ಇಳಿಸಿ ನಕ್ಕ. "ಗಾಳಿ ಅಂದ್ರೆ ನೆನಪಾಯ್ತು ನೋಡು. ಆ ಗ್ಯಾಸಿನ ಅಂಗಡಿಯವನು ತಲೆ ತಿಂದುಬಿಟ್ಟ. ಇಷ್ಟು ಬೇಗ ಹೆಂಗೆ ಖಾಲಿಯಾಯ್ತು, ಎಲ್ಲೋ ಸೋರ್ತಿದೆ, ಕಿಟಕಿ ಬಾಗಿಲು ತೆಗೆದಿಡಿ, ಆ ಗ್ಯಾಸು ನೆಲದಲ್ಲೇ ಕೂತ್ಕೊಳ್ಳತ್ತೆ ಅಂತ. ನಮ್ ಭಾವನೇ ಕುಡ್ದಿರ್ಬೇಕು ಅಂತ ತಮಾಷೆ ಮಾಡಿ ಬಂದೆ."

"ಯಾವಾಗ ಹೇಳಿದ?"

"ನಿನ್ನೆ."

"ಭಾವಂಗೆ ಹೇಳಿದ್ಯಾ?"

ಅವನ ನಗು ಅಲ್ಲೇ ಇಂಗಿತು. ನನ್ನ ಕೈಯಲ್ಲಿದ್ದ ತಟ್ಟೆ ಎಲ್ಲಿ ಬಿತ್ತೋ ನನಗೆ ತಿಳಿಯದು. ಹುಟ್ಟಿದಾಗಿನಿಂದ ನಾನು ನೀರಿನ ಹತ್ತಿರ ಇರುವವಳು, ಆ ಕೋಣೆ ನನ್ನ ಕಣ್ಣಿಗೆ ಕೊಳವಾಗಿಯೇ ಕಂಡಿತು. ಇಳಿಯಲು ಮೆಟ್ಟಿಲು, ಸುತ್ತ ಗೋಡೆ, ಒಳಗೆ ಮಂಡಿಮಟ್ಟಕ್ಕೆ ತುಂಬಿರುವ ಏನೋ ಒಂದು. ದೀಪ ಆರಿದ್ದು ಅದರಲ್ಲಿ ಮುಳುಗಿ. ನಮ್ಮವರು ಈಗ ನೆಲದ ಹತ್ತಿರ ಗಾಳಿ ಹುಡುಕುತ್ತಿದ್ದಾರೆ.

"ರೀ!" ಎಂದು ಕೂಗಿಕೊಂಡೇ ಓಡಿದೆ. ನನ್ನ ಕೂಗಿಗೆ ಬೀದಿಯ ಕೊನೆಯ ಮನೆಯವರೂ ಓಗೊಡುತ್ತಾರೆ. ಒಳಗಿಂದ ಉತ್ತರ ಬರಲಿಲ್ಲ.

ಬಾಗಿಲು ಹಿಡಿದೆಳೆದರೆ ಬರಲೊಲ್ಲದು. ರಬ್ಬರು ಕಚ್ಚಿಕೊಂಡಿತ್ತು. ಇಬ್ಬರೂ ಗೋಡೆಗೆ ಕಾಲು ಕೊಟ್ಟು ಎಳೆದಾಗ ಬಂತು. ಕೆಳಗೆ ಸೂರಿನ ಬಲ್ಬು ಉರಿಯುತ್ತಿತ್ತು, ಫ್ರಿಜ್ಜು ತನ್ನ ಪಾಡಿಗೆ ಗುಂಯ್ಗುಡುತ್ತಿತ್ತು. ಇವರು ಮೂಲೆಯಲ್ಲಿ ಬೋರಲು ಮಲಗಿದ್ದರು. ಕೆನ್ನೆ ನೆಲಕ್ಕೆ ಒತ್ತಿತ್ತು. ಅಂಟು ಹಚ್ಚುವ ಗನ್ನು ಇನ್ನೂ ಕೈಯಲ್ಲೇ ಇತ್ತು.

"ಭಾವಾ!" ತಮ್ಮ ಇಳಿದೇಬಿಟ್ಟ. ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದೆ. ಗುಂಡಿ ಕಿತ್ತುಬಂದವು. ಕೊಸರಾಡಿದ. ಕೆನ್ನೆಗೊಂದು ಬಿಟ್ಟೆ.

"ಇಳಿದ್ರೆ ನೀನೂ ಅಲ್ಲೇ ಮಲಗ್ತೀಯ! ಇಬ್ಬರನ್ನ ನಾನು ಎಲ್ಲಿಂದ ಎತ್ತಲೋ?"

ಕೊಳದಲ್ಲಿ ನಾವು ಮೊದಲು ಕಲಿಸುವ ಪಾಠ ಈಜಲ್ಲ. ಮುಳುಗುವವನನ್ನು ಕಂಡ ಕೂಡಲೇ ಹಿಂದುಮುಂದು ನೋಡದೆ ಹಾರುವವನು ಎರಡನೇ ಹೆಣ. ಇದನ್ನು ನಾನು ಎಷ್ಟು ಮಕ್ಕಳಿಗೆ ಕಿರುಚಿ ಹೇಳಿದ್ದೇನೋ. ಆದರೆ ಆಗ ನನ್ನ ಕಾಲುಗಳೂ ಹಾರು ಹಾರು ಎನ್ನುತ್ತಿದ್ದವು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದೆ, ಬಿಟ್ಟರೆ ಬೀಳುತ್ತೇನೆಂದು.

"ಆಂಬುಲೆನ್ಸಿಗೆ ಫೋನ್ ಮಾಡು. ಮಾತಾಡ್ತಾನೇ ಹಿತ್ತಲಿಗೆ ಓಡು, ಆ ಗವಾಕ್ಷಿ ಗಾಜು ಒಡಿ. ಒಡೆದು ಇಲ್ಲಿಗೆ ಬಾ. ಕೆಳಗೆ ಇಳಿದ್ಯೋ, ಅಪ್ಪನಾಣೆ, ನಾನೇ ನಿನ್ನ ಕೊಲ್ತೀನಿ!"

ದೊಡ್ಡ ಗಾಜುಗಳನ್ನು ಮಹಡಿಗೆ ಏರಿಸುವಾಗ ಇವರು ಕಟ್ಟುವ ಅಗಲ ಪಟ್ಟಿ ಬಾಗಿಲ ಹಿಂದೆ ತೂಗುತ್ತಿತ್ತು. ಅದರ ಒಂದು ತುದಿಯನ್ನು ಬಾಗಿಲ ಹಿಡಿಗೆ ಸುತ್ತಿ ಇನ್ನೊಂದನ್ನು ಕೈಗೆ ತೆಗೆದುಕೊಂಡೆ. ಅಡುಗೆಮನೆಯ ಕಡೆ ತಿರುಗಿ ಎದೆ ತುಂಬ ಉಸಿರು ಎಳೆದು, ಬಾಯಿ ಬಿಗಿದು ಇಳಿದೆ.

ನೀರಿನೊಳಗೆ ಉಸಿರು ಹಿಡಿಯುವುದು ನನಗೆ ಹೊಸದಲ್ಲ. ಆದರೆ ನೀರು ಮೈಗೆ ತಾಗುತ್ತದೆ, ಬಾಯಿ ಬಿಡಬೇಡ ಎಂದು ತಾನೇ ನೆನಪಿಸುತ್ತದೆ. ಇಲ್ಲಿ ಏನೂ ಇಲ್ಲ. ನಮ್ಮದೇ ಕೋಣೆ, ನಮ್ಮದೇ ಬಲ್ಬಿನ ಬೆಳಕು. ಒಂದೇ ಒಂದು ಉಸಿರು ಎಳೆದರೆ ಏನಾದೀತು ಎಂದು ಎದೆ ಒದೆಯುತ್ತಿತ್ತು. ಇವರನ್ನು ಮಗುಚಿ ಹಾಕಿದೆ. ತುಟಿ ನೀಲಿಯಾಗಿತ್ತು, ಕಣ್ಣು ಅರೆ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ರೀ ಎನ್ನಬೇಕು, ಅಲುಗಾಡಿಸಬೇಕು, ಕೂಗಿ ಎಬ್ಬಿಸಬೇಕು. ಕೂಗಿದರೆ ಉಸಿರು ಹೋಗುತ್ತದೆ. ಜೀವಮಾನದಲ್ಲಿ ಮೊದಲ ಸಲ ನಾನು ಇವರೆದುರು ಬಾಯಿ ಮುಚ್ಚಿಕೊಂಡಿದ್ದೆ.

ಪಟ್ಟಿಯನ್ನು ಒಂದು ಕಂಕುಳಡಿ ತೂರಿಸುವಷ್ಟರಲ್ಲಿ ಕಿವಿಯಲ್ಲಿ ಭೋರೆಂದಿತು, ಕಣ್ಣು ಮಂಜಾಯಿತು. ಇನ್ನೊಂದು ಕ್ಷಣ ಎಂದು ಮನಸ್ಸು ಹೇಳಿತು. ಕೊಳದಲ್ಲಿ ಆ ಇನ್ನೊಂದು ಕ್ಷಣಕ್ಕೆ ಸತ್ತವರ ಕತೆ ನನಗೆ ಗೊತ್ತು. ಇವರನ್ನು ಅಲ್ಲೇ ಬಿಟ್ಟೆ. ಬಿಟ್ಟು ಮೆಟ್ಟಿಲು ಹತ್ತಿದೆ. ಗಂಡನನ್ನು ಹಾಗೆ ನೆಲದ ಮೇಲೆ ಬಿಟ್ಟು ಬೆನ್ನು ತಿರುಗಿಸುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ. ಮೇಲೆ ಬಂದು ಬಾಯಿ ಬಿಟ್ಟಾಗ ಬಂದದ್ದು ಉಸಿರೋ ಅಳುವೋ ತಿಳಿಯಲಿಲ್ಲ. ಆಗಲೇ ಹಿತ್ತಲಲ್ಲಿ ಕಲ್ಲಿನ ಸದ್ದು ಕೇಳಿಸಿತು. ಗಾಜು ಒಡೆಯಲಿಲ್ಲ. ಮತ್ತೆ ಸದ್ದು. ಇವರು ಕೂರಿಸಿದ ಗಾಜು, ಅಷ್ಟು ಸುಲಭಕ್ಕೆ ಒಡೆದೀತೇ! ದೇವರೇ ಒಡೀಲಿ, ದೇವರೇ ಒಡೀಲಿ ಎಂದು ಹಲುಬುತ್ತಲೇ ಇನ್ನೊಂದು ಉಸಿರು ತುಂಬಿಕೊಂಡೆ. ನಾನು ಅರ್ಧ ಇಳಿದಾಗ ಅದು ಚೂರುಚೂರಾಗಿ ಒಳಕ್ಕೆ ಸುರಿಯಿತು.

ಎರಡನೇ ಸಲಕ್ಕೆ ಪಟ್ಟಿಯನ್ನು ಇನ್ನೊಂದು ಕಂಕುಳಿಗೂ ಸುತ್ತಿ ಎದೆಯ ಮೇಲೆ ಗಂಟು ಬಿಗಿದೆ. ಗಂಟು ಜಾರಿತು. ಮತ್ತೆ ಬಿಗಿದೆ. ಮೇಲಕ್ಕೆ ಓಡಿದೆ. ಅಷ್ಟರಲ್ಲಿ ತಮ್ಮ ಬಾಗಿಲಲ್ಲಿದ್ದ, ಮುಖ ಬಿಳಿಚಿಕೊಂಡಿತ್ತು.

"ಬರ್ತಿದಾರಂತೆ ಅಕ್ಕ, ಆಂಬುಲೆನ್ಸಿನವರು ಬರ್ತಿದಾರಂತೆ."

"ಎಳಿ!"

ಎಳೆದೆವು. ಇವರ ತಲೆ ಒಂದೊಂದು ಮೆಟ್ಟಿಲಿಗೂ ಬಡಿಯುತ್ತಿತ್ತು. ಬಡಿಯಲಿ, ನೋವಾದರೂ ಎಚ್ಚರವಾಗಲಿ ಎಂದುಕೊಂಡೆ. ಎಚ್ಚರವಾಗಲಿಲ್ಲ. ಅಡುಗೆಮನೆ ದಾಟಿಸಿ ಬೀದಿಬಾಗಿಲಿನ ಹೊರಗೆ, ಬಯಲಲ್ಲಿ ಮಲಗಿಸಿದೆವು.

ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡಿದೆ. ಏನೂ ತಾಗಲಿಲ್ಲ. ಎದೆಗೆ ಕಿವಿ ಕೊಟ್ಟೆ. ನನ್ನ ಎದೆಯೇ ಡವಡವ ಹೊಡೆದುಕೊಳ್ಳುತ್ತಿತ್ತು, ಅವರದು ಯಾವುದು ನನ್ನದು ಯಾವುದು ಎಂದು ಗೊತ್ತಾಗದು. ಕತ್ತಿನಲ್ಲಿ ಬೆರಳೊತ್ತಿದಾಗ ನಾಡಿ ಸಿಕ್ಕಿತು. ಇತ್ತು. ಉಸಿರಿರಲಿಲ್ಲ, ನಾಡಿ ಇತ್ತು.

ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ವರ್ಷವರ್ಷವೂ ಕಲಿಸಿದ್ದೇನೆ, ರಬ್ಬರ್ ಗೊಂಬೆಯ ಮೇಲೆ. ಗೊಂಬೆಗೆ ಮೀಸೆ ಇರುವುದಿಲ್ಲ. ಗೊಂಬೆ ಸತ್ತರೆ ಯಾರೂ ವಿಧವೆಯಾಗುವುದಿಲ್ಲ. ಗದ್ದ ಎತ್ತಿ, ಮೂಗು ಹಿಡಿದು ಊದಿದೆ. ಎದೆ ಎದ್ದಿತು, ಇಳಿಯಿತು, ಸುಮ್ಮನಾಯಿತು. ಮತ್ತೆ ಊದಿದೆ. ಎದ್ದಿತು, ಇಳಿಯಿತು. ಅದು ನಾನು ಎಬ್ಬಿಸಿದ ಎದೆ, ಅವರದಲ್ಲ. ಪಕ್ಕದ ಮನೆಯವರು ಓಡಿ ಬಂದು ಏನಾಯಿತೆಂದು ಕೇಳುತ್ತಿದ್ದರು. ತಮ್ಮ ಇವರ ಕಾಲು ತಿಕ್ಕುತ್ತಾ "ನಾನೇ ಹೇಳ್ಲಿಲ್ಲ ಅಕ್ಕ, ನಾನೇ ಹೇಳ್ಲಿಲ್ಲ" ಎಂದು ಒಂದೇ ಸಮನೆ ಅನ್ನುತ್ತಿದ್ದ. ಅವನನ್ನು ಬೈಯಲು ನನ್ನ ಹತ್ತಿರ ಉಸಿರಿರಲಿಲ್ಲ. ಇದ್ದದ್ದೆಲ್ಲ ಇವರಿಗೇ ಬೇಕಾಗಿತ್ತು.

ಬಿಟ್ಟು ಹೋದ್ರೆ ನೋಡಿ ಮತ್ತೆ, ಎಂದು ಮನಸ್ಸಿನಲ್ಲೇ ಗದರಿದೆ. ಊದಿದೆ. ನಿಮ್ಮನ್ನ ಸುಮ್ನೆ ಬಿಡಲ್ಲ. ಊದಿದೆ.

ಗಂಟಲಲ್ಲಿ ಏನೋ ಗೊರಕೆಯಂಥ ಸದ್ದಾಯಿತು. ನಾನು ಮುಖ ಹಿಂದಕ್ಕೆ ಎಳೆದುಕೊಂಡೆ. ಎದೆ ತಾನಾಗಿ, ಒಡೆದುಹೋಗುವಷ್ಟು ಜೋರಾಗಿ, ಮೇಲೆದ್ದಿತು. ಕೆಮ್ಮು ಬಂತು. ಮತ್ತೊಂದು ಉಸಿರು. ಪಕ್ಕಕ್ಕೆ ಹೊರಳಿಸಿ ಬೆನ್ನು ನೀವಿದೆ. ತುಟಿಯ ನೀಲಿ ಕೊಂಚ ಕೊಂಚವೇ ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಕಣ್ಣು ತಿರುಗಿ ನನ್ನ ಮುಖದ ಮೇಲೆ ನಿಂತಿತು. ತುಟಿ ಅಲುಗಿತು. ಬಗ್ಗಿ ಕಿವಿ ಹತ್ತಿರ ತಂದೆ.

"ಸಿಕ್ತು ಕಣೇ" ಎಂದರು. "ಮೂಲೇಲಿತ್ತು. ಮುಚ್ಚಿಬಿಟ್ಟೆ. ಇನ್ನು ಒಂದ್ ಚೂರೂ... ಗಾಳಿ ಬರಲ್ಲ."

ಕೆಲಸ ಮುಗಿಸಿ ಗಿರಾಕಿಯ ಮುಖ ನೋಡುವಾಗ ಇವರು ನಗುತ್ತಾರಲ್ಲ, ಅದೇ ನಗು. ತಮ್ಮ ಮುಖ ಮುಚ್ಚಿಕೊಂಡು ಬಿಕ್ಕಿದ. ನನ್ನ ಬಾಯಿಗೆ ಏನೇನೋ ಬಂತು, ಇಷ್ಟು ವರ್ಷ ಆಡಿದ್ದು, ಆಡದೇ ಉಳಿದದ್ದು, ಎಲ್ಲವೂ. ಒಂದನ್ನೂ ಆಡಲಿಲ್ಲ. ಅವರ ಎದೆಯ ಮೇಲೆ ಅಂಗೈ ಒತ್ತಿ ಹಿಡಿದೆ.

"ಹೂಂ ರೀ, ಬರಲ್ಲ. ಚೆನ್ನಾಗಿ ಮುಚ್ಚಿದೀರಿ" ಎಂದೆ. "ಈಗ ಉಸಿರು ಎಳೀರಿ. ಹಾಂ, ಹಂಗೆ. ಇನ್ನೊಂದು ಎಳೀರಿ."